ಪುಯೆರ್ಟೊ ವಯಾರ್ಟಾದಲ್ಲಿ ಟ್ಯಾಕ್ಸಿ, ಚೌಕಾಸಿ: ಡಾಲರ್ ಸಾಕು ಅನ್ನುವವರಿಗೆ

ಮೇಡಂ, ನಿಮ್ಮ ಪ್ಲ್ಯಾನ್ ಓದಿದೆ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಿಂದ ಮೆಕ್ಸಿಕೊಗೆ ಏಳು ದಿನದ ಕ್ರೂಸ್. ಕಾಬೊ, ಮಸಟ್ಲಾನ್, ಪುಯೆರ್ಟೊ ವಯಾರ್ಟಾ. ಕೈಯಲ್ಲಿ ಇಪ್ಪತ್ತು ಡಾಲರ್ ನೋಟಿನ ಕಟ್ಟು, ಹಡಗಿನ ಪಕ್ಕ ನಿಂತ ಟ್ಯಾಕ್ಸಿ, ಏನೇ ಬೆಲೆ ಹೇಳಿದರೂ ಅರ್ಧಕ್ಕೆ ಕೇಳುವುದು. "ಇಷ್ಟು ಸಾಕಲ್ವಾ?" ಅಂತ ಕೇಳಿದ್ದೀರಿ. ನಿಮ್ಮ ಪೋಸ್ಟ್ ಕೆಳಗೆ ಎಲ್ಲರೂ "ಸಾಕು, ಎಂಜಾಯ್ ಮಾಡಿ" ಅಂದಿದ್ದಾರೆ. ಸಾಕಾಗುವುದಿಲ್ಲ. ನಾವೂ ಮೊದಲ ಸಲ ಹೀಗೇ ಹೋದವರು. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಪೆಸೊ, ಅಂದರೆ ಅಲ್ಲಿನ ದುಡ್ಡು, ತೆಗೆಯಿರಿ. ಡಾಲರ್ ಯಾರೂ ಬೇಡ ಅನ್ನುವುದಿಲ್ಲ, ಅದು ನಿಜ. ಆದರೆ ರೇಟ್ ಹೇಳುವುದು ಅಂಗಡಿಯವರು. ಉದಾಹರಣೆಗೆ ಬ್ಯಾಂಕಿನಲ್ಲಿ ಡಾಲರ್‌ಗೆ 18 ಪೆಸೊ ಇದೆ ಅಂದುಕೊಳ್ಳಿ. ಅಂಗಡಿಯವನು ಲೆಕ್ಕ ಸುಲಭ ಅಂತ 15 ಹಿಡಿಯುತ್ತಾನೆ. 900 ಪೆಸೊದ ಕಂಬಳಿ ನಿಮಗೆ 50 ಡಾಲರ್ ಆಗುವ ಬದಲು 60 ಆಯಿತು. ನೀವು ಅರ್ಧ ಗಂಟೆ ಗುದ್ದಾಡಿ ಐದು ಡಾಲರ್ ಇಳಿಸಿ ಗೆದ್ದೆ ಅಂತ ಬರುತ್ತೀರಿ. ಅವನು ಇನ್ನೂ ಐದು ಡಾಲರ್ ಮುಂದಿದ್ದಾನೆ. ಇನ್ನೊಂದು, ಅಲ್ಲಿ ಪೆಸೊಗೂ ಡಾಲರ್‌ಗೂ ಬರೆಯುವ ಗುರುತು ಒಂದೇ. ಬೆಲೆ ಚೀಟಿಯಲ್ಲಿ ಆ ಗುರುತು ಕಂಡ ತಕ್ಷಣ ಡಾಲರ್ ಅಂದುಕೊಳ್ಳಬೇಡಿ. ಕೇಳಿ.

ಪೆಸೊ ಎಲ್ಲಿ ತೆಗೆಯುವುದು? ಹಡಗಿನ ಕೌಂಟರ್‌ನಲ್ಲಿ ಬೇಡ, ಟರ್ಮಿನಲ್ ಒಳಗಿನ ಒಂಟಿ ಮೆಷಿನ್‌ಗಳಲ್ಲೂ ಬೇಡ. ಬಂದರಿನ ಎದುರು, ರಸ್ತೆ ದಾಟಿದರೆ ವಾಲ್‌ಮಾರ್ಟ್ ಇದೆ, ಪಕ್ಕದಲ್ಲೇ ಗಲೆರಿಯಾಸ್ ಮಾಲ್. ಬಿಬಿವಿಎ, ಬನೊರ್ಟೆ, ಸಾಂತಾಂದೇರ್ ಹೀಗೆ ಬ್ಯಾಂಕಿನ ಹೆಸರಿರುವ ಎಟಿಎಂ ಹುಡುಕಿ. ಕೊನೆಯಲ್ಲಿ ಮೆಷಿನ್ "ನಮ್ಮ ರೇಟಿನಲ್ಲಿ ಡಾಲರ್‌ಗೆ ಬದಲಿಸಲೇ?" ಅಂತ ಕೇಳುತ್ತದೆ. ಬೇಡ ಅಂತ ಒತ್ತಿ. ಬೇಡ ಅಂದರೆ ದುಡ್ಡೇ ಬರಲ್ಲವೇನೋ ಅಂತ ಹೆದರಿ ಬಹಳ ಜನ ಹೂಂ ಅಂದುಬಿಡುತ್ತಾರೆ. ಬರುತ್ತೆ, ನಿಮ್ಮ ಬ್ಯಾಂಕ್ ರೇಟಿನಲ್ಲಿ ಬರುತ್ತೆ. ನನ್ನ ಮಟ್ಟಿಗೆ ಷ್ವಾಬ್ ಡೆಬಿಟ್ ಕಾರ್ಡ್‌ಗಿಂತ ಒಳ್ಳೆಯದಿಲ್ಲ, ಎಟಿಎಂ ಫೀ ತಿಂಗಳ ಕೊನೆಗೆ ವಾಪಸ್ ಹಾಕುತ್ತಾರೆ. ಡಿಸ್ಕವರ್, ಅಮೆಕ್ಸ್ ಕಾರ್ಡ್ ನಂಬಿಕೊಂಡು ಸಣ್ಣ ಅಂಗಡಿಗೆ ಹೋಗಬೇಡಿ. ಡಾಲರ್ ಇಟ್ಟುಕೊಳ್ಳಲೇಬೇಕು ಅಂದರೆ ಒಂದು, ಐದರ ಗರಿ ನೋಟು ಇರಲಿ. ಹರಿದ ನೋಟು, ಡಾಲರ್ ಚಿಲ್ಲರೆ ನಾಣ್ಯ ಅಲ್ಲಿ ಯಾರೂ ಮುಟ್ಟುವುದಿಲ್ಲ.

ಎಟಿಎಂ 500ರ ನೋಟು ಕೊಟ್ಟರೆ ಆಕ್ಸೊ ಅನ್ನುವ ಸಣ್ಣ ಅಂಗಡಿಯಲ್ಲೋ ವಾಲ್‌ಮಾರ್ಟಿನಲ್ಲೋ ನೀರಿನ ಬಾಟಲ್ ತಗೊಂಡು ಮುರಿಸಿ. ಟ್ಯಾಕ್ಸಿಯವರ ಹತ್ತಿರ ಚಿಲ್ಲರೆ ಇರುವುದೇ ಇಲ್ಲ, ಅದು ಎಲ್ಲ ಊರಿನ ಕಥೆ. ಇಲ್ಲೊಂದು ಎಚ್ಚರಿಕೆ. ಹಳೆಯ 20ರ ನೋಟೂ ಈಗಿನ 500ರ ನೋಟೂ ನೀಲಿ. ಎರಡರಲ್ಲೂ ಬೆನಿತೊ ಹುವಾರೆಸ್ ಮುಖ. 20ರ ಹೊಸ ನೋಟು ಹಸಿರು, ಆದರೆ ಹಳೆಯದು ಎಲ್ಲಾದರೂ ಕೈಗೆ ಬಂದರೆ ಎರಡನ್ನೂ ಒಟ್ಟಿಗೆ ಮಡಚಿ ಇಡಬೇಡಿ.

ಈಗ ಟ್ಯಾಕ್ಸಿ. ನಮ್ಮ ಜೊತೆ ಬಂದಿದ್ದ ಕುಟುಂಬ ಹಡಗಿನ ಹತ್ತಿರದ ಸಾಲಿನಲ್ಲೇ ವ್ಯಾನ್ ಹತ್ತಿತು. ಬಿಸಿಲು, ಮಗು ಅಳುತ್ತಿದೆ, ಅಜ್ಜಿಗೆ ನಡೆಯಲು ಆಗಲ್ಲ. ಡ್ರೈವರ್ "ಎಂಟು" ಅಂದ. ಇವರು ಎಂಟು ಡಾಲರ್ ತಾನೇ ಅಂತ ಹತ್ತಿದರು. ಮಾಲೆಕೊನ್‌ನಲ್ಲಿ (ಸಮುದ್ರ ದಂಡೆಯ ನಡಿಗೆ ದಾರಿ) ಇಳಿದಾಗ ತಲೆಗೆ ಎಂಟು ಅಂದ. ಐದು ತಲೆ, ಮಗುವನ್ನೂ ಸೇರಿಸಿ ನಲವತ್ತು. ರಸ್ತೆ ಮಧ್ಯೆ ಜಗಳ. ಇವರ ಇಂಗ್ಲಿಷ್ ಅವನಿಗೆ ಬರಲ್ಲ, ಅವನ ಸ್ಪ್ಯಾನಿಷ್ ಇವರಿಗೆ ಬರಲ್ಲ. ಹಿಂದೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಕೊನೆಗೆ ಕೊಟ್ಟರು. ಆಮೇಲೆ ಇಡೀ ದಿನ ಆ ಕುಟುಂಬದ ಯಜಮಾನರು ಆ ನಲವತ್ತರ ಮಾತೇ ಆಡಿದರು, ಸಮುದ್ರ ನೋಡಲಿಲ್ಲ, ಏನೂ ನೋಡಲಿಲ್ಲ. ನಿಜ ಹೇಳಬೇಕೆಂದರೆ ಡ್ರೈವರ್ ಸುಳ್ಳು ಹೇಳಿರಲಿಲ್ಲ. ಇವರು ಕೇಳಿರಲಿಲ್ಲ.

ಅಲ್ಲಿ ಮೀಟರ್ ಇಲ್ಲ, ಏರಿಯಾ ಲೆಕ್ಕದ ರೇಟು. ಆದ್ದರಿಂದ ಬಾಗಿಲು ತೆಗೆಯುವ ಮೊದಲೇ ನನ್ನ ವಾಕ್ಯ: "ಕ್ವಾಂತೊ ಪೊರ್ ತೊದೊಸ್, ಎನ್ ಪೆಸೊಸ್, ಆಲ್ ಮಾಲೆಕೊನ್?" ಎಲ್ಲರಿಗೂ ಸೇರಿ, ಪೆಸೊದಲ್ಲಿ, ಮಾಲೆಕೊನ್‌ಗೆ ಎಷ್ಟು. ಉತ್ತರವನ್ನು ಕಿವಿಯಲ್ಲಿ ಕೇಳಿ ಬಿಡಬೇಡಿ. ಸೆಸೆಂತಾ ಅಂದರೆ ಅರವತ್ತು, ಸೆತೆಂತಾ ಅಂದರೆ ಎಪ್ಪತ್ತು, ಟ್ರಾಫಿಕ್ ಗದ್ದಲದಲ್ಲಿ ಎರಡೂ ಒಂದೇ ಥರ ಕೇಳಿಸುತ್ತೆ. ಫೋನಿನ ಕ್ಯಾಲ್ಕುಲೇಟರ್ ಕೊಡಿ, ಅವರೇ ನಂಬರ್ ಒತ್ತಲಿ. ಸ್ಕ್ರೀನ್‌ಶಾಟ್ ಇರಲಿ. ಸ್ವಲ್ಪ ಅತಿ ಅನಿಸಬಹುದು. ಆದರೆ ಇದನ್ನು ಶುರು ಮಾಡಿದ ಮೇಲೆ ನಮಗೆ ಇಳಿಯುವಾಗ ಜಗಳ ಆಗಿಲ್ಲ.

ಇನ್ನೂ ಕಮ್ಮಿ ಬೇಕು ಅಂದರೆ ಹಡಗಿನ ಪಕ್ಕದ ಸಾಲು ಬಿಡಿ. ಪುಯೆರ್ಟೊ ಮಾಹಿಕೊ ಅನ್ನುವ ಅಂಗಡಿ ಸಾಲು ದಾಟಿ ಗೇಟ್ ಹೊರಗೆ ಬನ್ನಿ. ಊಬರ್ ರಸ್ತೆಯ ಆಚೆ ಬದಿ ಸಿಗುತ್ತೆ, ಬಂದರಿನ ಒಳಗೆ ಬರುವುದಿಲ್ಲ. ಮುಂದಿನ ಗಾಜಿನಲ್ಲಿ "ಸೆಂತ್ರೊ" (ಊರಿನ ನಡುಭಾಗ) ಅಂತ ಬರೆದ ಬಸ್ಸೂ ಗೇಟ್ ಹೊರಗಿನ ರಸ್ತೆಯಲ್ಲೇ ಬರುತ್ತೆ, ಅದಕ್ಕೆ ಪೆಸೊ ಚಿಲ್ಲರೆ ಬೇಕು. ದಾರಿಯಲ್ಲಿ "ಟೂರಿಸ್ಟ್ ಇನ್ಫಾರ್ಮೇಶನ್" ಬೋರ್ಡ್ ಹಾಕಿಕೊಂಡು, ಟ್ಯಾಕ್ಸಿ ಫ್ರೀ, ತಿಂಡಿ ಫ್ರೀ ಅನ್ನುವವರು ಟೈಮ್‌ಶೇರ್, ಅಂದರೆ ರಜೆ ಮನೆಯ ಪಾಲು, ಮಾರುವವರು. ಕೂತರೆ ಅರ್ಧ ದಿನ ಹೋಯಿತು. ಹೋಗುವಾಗಲೇ ವಾಪಸ್ ಬರುವುದಕ್ಕೂ ಸೇರಿಸಿ ಯಾರಿಗೂ ದುಡ್ಡು ಕೊಡಬೇಡಿ. ಕಾಬೊದಲ್ಲಿ ಆರ್ಚ್ ಅನ್ನುವ ಬಂಡೆ ಕಮಾನಿನ ಹತ್ತಿರದ ಬೀಚಿಗೆ ಬಿಡುವ ದೋಣಿಗೂ ಅಷ್ಟೇ, ವಾಪಸ್ ತಂದು ಬಿಟ್ಟ ಮೇಲೆ ಉಳಿದದ್ದು. ಕಾಬೊದಲ್ಲಿ ಹಡಗು ದಡಕ್ಕೆ ಬರುವುದಿಲ್ಲ, ಟೆಂಡರ್ ಅನ್ನುವ ಸಣ್ಣ ದೋಣಿಯಲ್ಲಿ ಹೋಗಿ ಬರಬೇಕು. ಕೊನೆಯ ಗಂಟೆಯ ಕ್ಯೂ ಉದ್ದ ಇರುತ್ತೆ, ಬೇಗ ಬನ್ನಿ. ಮಸಟ್ಲಾನ್‌ನಲ್ಲಿ ಬಂದರಿನಿಂದ ಹಳೆ ಊರಿಗೆ ನೆಲದ ಮೇಲೆ ನೀಲಿ ಗೆರೆ ಎಳೆದಿದ್ದಾರೆ, ಅದನ್ನೇ ಹಿಡಿದು ನಡೆಯಬಹುದು. ತೆರೆದ ಪುಲ್ಮೊನಿಯಾ ಗಾಡಿ ಮಕ್ಕಳಿಗೆ ಇಷ್ಟ ಆಗುತ್ತೆ. ಅಲ್ಲಿಯೂ ಕ್ಯಾಲ್ಕುಲೇಟರ್.

ಚೌಕಾಸಿ ವಿಷಯ. ಕಮರ್ಷಿಯಲ್ ಸ್ಟ್ರೀಟ್ ಅಭ್ಯಾಸದಲ್ಲಿ ಎಲ್ಲ ಕಡೆ ಅರ್ಧಕ್ಕೆ ಕೇಳಬೇಡಿ, ದಯವಿಟ್ಟು. ಕ್ವಾಲೆ ನದಿ ಹತ್ತಿರದ ಮುನಿಸಿಪಲ್ ಮಾರ್ಕೆಟ್‌ನಲ್ಲಿ, ದ್ವೀಪದ ಮೇಲಿನ ಅಂಗಡಿಗಳಲ್ಲಿ ಕೇಳಿ, ಅಲ್ಲಿ ಅದು ನಡೆಯುತ್ತೆ. ಎರಡು ಮೂರು ವಸ್ತು ಒಟ್ಟಿಗೆ ಇಟ್ಟು "ಎಲ್ಲಾ ಸೇರಿ ಎಷ್ಟು" ಅನ್ನುವುದೇ ಒಳ್ಳೆಯ ದಾರಿ. "ಪ್ರೆಸಿಯೊ ಫಿಹೊ" ಅಂತ ಬರೆದಿದ್ದರೆ ಒಂದೇ ಬೆಲೆ, ಬಿಡಿ. ಹುಯಿಚೋಲ್ ಅನ್ನುವ ಅಲ್ಲಿನ ಮೂಲ ಜನರ ಮಣಿ ಜೋಡಿಸಿದ ಕೆಲಸಕ್ಕೆ ಅರ್ಧ ಕೇಳುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತೆ. ಒಂದೊಂದೇ ಮಣಿ ಕೈಯಲ್ಲಿ ಒತ್ತಿ ಕೂರಿಸಿರುತ್ತಾರೆ. ಮಣಿ ಸಣ್ಣದಾದಷ್ಟೂ ಬೆಲೆ ಜಾಸ್ತಿ.

ಬೆಳ್ಳಿ ಅಂತ ಬೀಚಿನಲ್ಲಿ ತಗೊಳ್ಳಬೇಡಿ. 925 ಮುದ್ರೆ ನೋಡಿ, ಅಂಗಡಿಯಲ್ಲಿ ತೂಕ ಹಾಕಿಸಿ. "ಆಲ್ಪಾಕಾ" ಅಂತ ಇದ್ದರೆ ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ, ಬೆಳ್ಳಿಯೇ ಇಲ್ಲ. ನಿಮ್ಮ ಪೋಸ್ಟ್ ಕೆಳಗೆ ಯಾರೋ ಬೆಳ್ಳಿ ಪರೀಕ್ಷೆಗೆ ಮ್ಯಾಗ್ನೆಟ್ ಒಯ್ಯಿರಿ ಅಂದಿದ್ದಾರೆ. ಸುಮ್ನೆ ಭಾರ. ಆಲ್ಪಾಕಾನೂ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಹಡಗಿನಲ್ಲಿ ಕೊಡುವ "ಶಿಫಾರಸು ಮಾಡಿದ ಅಂಗಡಿ" ಮ್ಯಾಪ್ ಜಾಹೀರಾತು, ದುಡ್ಡು ಕೊಟ್ಟವರ ಹೆಸರು ಅದರಲ್ಲಿರುತ್ತೆ. ದೊಡ್ಡ ಬಾಟಲ್ ವೆನಿಲ್ಲಾ ಅಗ್ಗಕ್ಕೆ ಸಿಕ್ಕರೆ ಅದು ನಕಲಿ ಸುವಾಸನೆ. ಕೆಲವದರಲ್ಲಿ ಕೂಮರಿನ್ ಅನ್ನುವ ರಾಸಾಯನಿಕ ಇರುತ್ತೆ, ಅಮೆರಿಕಾದಲ್ಲಿ ಆಹಾರಕ್ಕೆ ಅದನ್ನು ಸೇರಿಸುವುದು 1954ರಿಂದಲೇ ನಿಷೇಧ. ಲೇಬಲ್ ಓದಿ, ಇಲ್ಲವಾದರೆ ಬಿಟ್ಟುಬಿಡಿ.

ಗಡಿಯಾರ ಮರೆಯಬೇಡಿ. ಮೆಕ್ಸಿಕೊದ ಬಹುಪಾಲು 2022ರಿಂದ ಬೇಸಿಗೆಗೆ ಗಡಿಯಾರ ತಿರುಗಿಸುವುದನ್ನು ನಿಲ್ಲಿಸಿದೆ. ಡಿಸೆಂಬರ್‌ನಲ್ಲಿ ಕಾಬೊ, ಮಸಟ್ಲಾನ್ ಕ್ಯಾಲಿಫೋರ್ನಿಯಾಗಿಂತ ಒಂದು ಗಂಟೆ ಮುಂದೆ, ವಯಾರ್ಟಾ ಎರಡು ಗಂಟೆ ಮುಂದೆ. ಜುಲೈನಲ್ಲಿ ಮೊದಲೆರಡು ನಮ್ಮದೇ ಸಮಯ, ವಯಾರ್ಟಾ ಒಂದು ಗಂಟೆ ಮುಂದೆ. ಫೋನ್ ತಾನೇ ಬದಲಾಗುತ್ತೆ, ಹಡಗು ತನ್ನದೇ ಸಮಯ ಇಟ್ಟುಕೊಂಡಿರಬಹುದು. ಇಳಿಯುವಾಗ ಹಡಗಿನ ಗಡಿಯಾರದ ಫೋಟೊ ತೆಗೆದುಕೊಳ್ಳಿ.

ನೀವು ವೆಜ್ ಅಂದಿದ್ದಿರಿ. ಬೀನ್ಸ್‌ಗೆ ಹಂದಿ ಕೊಬ್ಬು, ಅನ್ನಕ್ಕೆ ಕೋಳಿ ಸಾರು ಹಾಕುವುದು ಸಾಮಾನ್ಯ. "ಸಿನ್ ಕಾರ್ನೆ" (ಮಾಂಸ ಬೇಡ) ಅಂದರೆ ಸಾಲದು, "ಸಿನ್ ಪೊಯೊ, ಸಿನ್ ಮಾಂತೆಕಾ, ಸಿನ್ ಕಾಲ್ದೊ ದೆ ಪೊಯೊ" (ಕೋಳಿ ಬೇಡ, ಹಂದಿ ಕೊಬ್ಬು ಬೇಡ, ಕೋಳಿ ಸಾರು ಬೇಡ) ಅಂತ ಪೂರ್ತಿ ಹೇಳಿ. ಮಾವಿನಹಣ್ಣು ತಗೊಂಡರೆ ಅಲ್ಲೇ ತಿಂದು ಮುಗಿಸಿ, ಲಾಂಗ್ ಬೀಚ್ ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳುತ್ತಾರೆ. ಹುಯಿಚೋಲ್ ಗೊಂಬೆ ತಂದರೆ ಪಾರ್ಕಿಂಗ್‌ನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಮಣಿ ಕೂರಿಸಿರುವುದು ಮೇಣದಲ್ಲಿ, ಬಿಸಿಗೆ ಜಾರುತ್ತೆ.