ಕರಿ ಕೋಟು ಹಾಕುವ ಮೊದಲು ಒಂದು ವರ್ಷದ ಸಂಬಳ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮುಂದೇನು ಮಾಡಲಿ ಎಂದು ಸಲಹೆ ಕೇಳಲು ನನ್ನ ಬಳಿ ಬಂದಿದ್ದ ಹುಡುಗಿ. ಆಕೆಗೆ 22 ವರ್ಷ. ದಾವಣಗೆರೆ ಕಡೆಯವಳು, ಬಿ.ಕಾಂ. ಮುಗಿಸಿದ್ದಳು. ಬೆಂಗಳೂರಿನಲ್ಲಿ ತಿಂಗಳಿಗೆ 22 ಸಾವಿರದ ಅಕೌಂಟ್ಸ್ ಕೆಲಸ ಸಿಕ್ಕಿತ್ತು. ಮನಸ್ಸು ಮಾತ್ರ ಮೂರು ವರ್ಷದ ಕಾನೂನು ಪದವಿ ಎಲ್‌ಎಲ್‌.ಬಿ. ಮೇಲೆ. ಸಿವಿಲ್ ನ್ಯಾಯಾಧೀಶೆ ಆಗಬೇಕೆಂಬ ಆಸೆ. "ಎರಡನ್ನೂ ಒಟ್ಟಿಗೆ ಮಾಡಬಹುದು ಅಲ್ವಾ ಮೇಡಂ?" ಎಂದಳು.

ಬೇಡ ಎಂದೆ. ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಭಾರತೀಯ ಬಾರ್ ಕೌನ್ಸಿಲ್ ಪ್ರಕಾರ ಪ್ರತಿ ವಿಷಯಕ್ಕೂ ಶೇ 70ರಷ್ಟು ಹಾಜರಿ ಬೇಕು. ತರಗತಿಗೆ ಹೋಗದೆ ಹಾಜರಿ ಹಾಕಿಸಿಕೊಳ್ಳುವ ದಾರಿ ಹುಡುಕುವವರೂ ಇದ್ದಾರೆ. ನ್ಯಾಯಾಧೀಶೆ ಆಗಬೇಕೆನ್ನುವವಳು ಸುಳ್ಳು ಹಾಜರಿಯಿಂದ ಶುರು ಮಾಡಬಾರದು. ಇದನ್ನು ಖಡಾಖಂಡಿತವಾಗಿ ಹೇಳಿದೆ.

ಆಮೇಲೆ ಇಬ್ಬರೂ ಕೂತು ವರ್ಷಗಳ ಲೆಕ್ಕ ಹಾಕಿದೆವು. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಆ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕು. ಓದು ಮೂರು, ವಕೀಲಿಕೆ ಮೂರು, ಒಟ್ಟು ಆರು. ಕಾಲೇಜು ಫೀಸಿನ ಬಗ್ಗೆ ಆಕೆ ತುಂಬಾ ತಲೆ ಕೆಡಿಸಿಕೊಂಡಿದ್ದಳು. ಆಮೇಲಿನ ಮೂರು ವರ್ಷದ ಖರ್ಚು ನೆನಪಿಗೇ ಬಂದಿರಲಿಲ್ಲ. ಸೀನಿಯರ್ ಹತ್ತಿರ ಜೂನಿಯರ್ ಆಗಿ ಸೇರಿದರೆ ಎಷ್ಟೋ ಕಡೆ ಸಿಗುವುದು ಬಸ್ ಚಾರ್ಜ್‌ಗೆ, ಊಟಕ್ಕೆ ಸರಿಹೋಗುತ್ತದೆ. ಚೆನ್ನಾಗಿ ಓದಿದ ಹೆಣ್ಣುಮಕ್ಕಳು ಈ ಹಂತದಲ್ಲಿ ಕೈಬಿಟ್ಟದ್ದನ್ನು ನೋಡಿದ್ದೇನೆ. ನನಗೆ ಈಗಲೂ ನೋವಾಗುತ್ತದೆ.

"ಕೋರ್ಟ್ ಒಳಗೆ ಹೋಗಿದ್ದೀಯಾ?" ಎಂದು ಕೇಳಿದೆ. ಇಲ್ಲ ಎಂದಳು. ಮೂರು ದಿನ ಜಿಲ್ಲಾ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಬಾ ಎಂದು ಕಳಿಸಿದೆ. ಸಾಮಾನ್ಯವಾಗಿ ಕಲಾಪವನ್ನು ಯಾರು ಬೇಕಾದರೂ ನೋಡಬಹುದು.

ಮುಂದಿನ ವಾರ ಬಂದವಳು ಹೇಳಿದ್ದಿಷ್ಟು: "ಪಾಲಿನ ದಾವೆಗೆ ಒಬ್ಬ ಅಜ್ಜಿ ಬಂದಿದ್ದರು ಮೇಡಂ. ಮತ್ತೆ ವಾಯ್ದೆ ಬಿತ್ತು. ಮುಂದಿನ ತಾರೀಖು ಅವರಿಗೆ ಗೊತ್ತಾಗಲಿಲ್ಲ. ಗುಮಾಸ್ತರನ್ನು ಕೇಳಿ ನಾನೇ ಚೀಟಿ ಬರೆದುಕೊಟ್ಟೆ."

ಅವಳ ಆಸೆ ಗಟ್ಟಿಯಾದದ್ದು ಎಂದು ನನಗೆ ಅನಿಸಿದ್ದು ಆಗಲೇ.

ಬೆಂಗಳೂರಿನ ಕೆಲಸ ಬಿಡಲು ಹೇಳಿದೆ. ಪಿ.ಜಿ. ಬಾಡಿಗೆ, ಊಟಕ್ಕೇ ಸಂಬಳ ಕರಗುತ್ತದೆ. ಮನೆಯಲ್ಲೇ ಇದ್ದು ಊರಿನ ಆಡಿಟರ್ ಆಫೀಸಿನಲ್ಲಿ ಒಂದು ವರ್ಷ ದುಡಿ, ಕಡಿಮೆ ಸಿಕ್ಕರೂ ಪರವಾಗಿಲ್ಲ. ಆ ಹಣ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿಗೆ) ಹೋಗಲಿ. ಅದು ವಕೀಲಿಕೆಯ ಮೂರು ವರ್ಷದ ಖರ್ಚಿಗೆ, ಕರಿ ಕೋಟು ಹಾಕುವವರೆಗೆ ಮುಟ್ಟಬೇಡ. ಕಾಲೇಜು ಫೀಸಿಗೆ ಅಪ್ಪನನ್ನು ಕೇಳು, ಸಾಲದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲ ಇದೆ.

"ನೋಡಮ್ಮ, ಒಂದು ವರ್ಷ ಅಂದರೆ ಒಂದೇ ವರ್ಷ. ಸಂಬಳದ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ. ಕೆಲಸ ಬಿಡುವ ತಿಂಗಳು ಯಾವುದು ಅಂತ ಅಪ್ಪನಿಗೆ ಈಗಲೇ ಹೇಳಿಬಿಡು."

ಅಪ್ಪನ ಮುಂದೆ ಆ ಮಾತೆತ್ತಲು ಅವಳಿಗೆ ಎರಡು ವಾರ ಹಿಡಿಯಿತು. ಈಗ ಆಡಿಟರ್ ಆಫೀಸಿಗೆ ಹೋಗುತ್ತಿದ್ದಾಳೆ. ಕಾಲೇಜಿನ ಅರ್ಜಿ ಹಾಕುವ ಮೊದಲು ಇನ್ನೊಮ್ಮೆ ಬರಲು ಹೇಳಿದ್ದೇನೆ.