ಓದುಗರ ಪ್ರಶ್ನೆ: ಬಣ್ಣ ಹೊಳೆಯುತ್ತಿದೆ, ಬಾಯ್ಲರ್ ಹೇಗಿದೆ?

ಪ್ರಶ್ನೆ: ರೈಲು ನಿಲ್ದಾಣವೊಂದರ ಎದುರು ಕಟ್ಟೆಯ ಮೇಲೆ ನಿಲ್ಲಿಸಿರುವ ಮೀಟರ್ ಗೇಜ್ ವೈಪಿ ಉಗಿ ಎಂಜಿನ್ ನೋಡಿದೆ. ಹೊಸ ಬಣ್ಣ, ಫಳಫಳ ಹಿತ್ತಾಳೆ. ಇದನ್ನು ಮತ್ತೆ ಓಡಿಸಬಹುದೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಬಣ್ಣ ನೋಡಿ ಮರುಳಾಗಬೇಡಿ. ನಾನು ಮೀಟರ್ ಗೇಜ್ ಶೆಡ್ಡಿನಲ್ಲಿ ಬಾಯ್ಲರ್ ಫಿಟ್ಟರ್ ಆಗಿದ್ದವನು. ಹೊರಗಿನ ಬಣ್ಣದ ಮೇಲೆ ನನಗೆ ನಂಬಿಕೆ ಕಡಿಮೆ. ಸವೆದ ಬೇರಿಂಗಿಗೆ ವೈಟ್ ಮೆಟಲ್ ಎಂಬ ಮೆತ್ತನೆಯ ಮಿಶ್ರಲೋಹ ಎರೆಯಬಹುದು, ಸಿಲಿಂಡರನ್ನು ಕೊರೆಸಿ ಹೊಸ ಪಿಸ್ಟನ್ ರಿಂಗ್ ಹಾಕಬಹುದು, ಕಳೆದುಹೋದ ಹಿತ್ತಾಳೆ ಸಾಮಾನನ್ನು ಎರಕ ಹೊಯ್ಯಿಸಬಹುದು. ಬಾಯ್ಲರ್ ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಮೊದಲು ಹೊದಿಕೆಯ ತಗಡು ಬಿಚ್ಚಬೇಕು. ಒಳಗಿನ ಹಳೆಯ ಪದರದಲ್ಲಿ ಕಲ್ನಾರು ಇರಬಹುದು, ಮೂಗುಬಾಯಿ ಮುಚ್ಚಿಕೊಳ್ಳದೆ ಕೈಹಾಕಬೇಡಿ. ಹೊಗೆ ಕೊಳವೆಗಳನ್ನೆಲ್ಲ ಹೊರಗೆಳೆದು, ಬಾಯ್ಲರಿನ ಡ್ರಮ್ಮಿನೊಳಗೆ ಕಲ್ಲಿನಂತೆ ಅಂಟಿಕೊಂಡ ಸುಣ್ಣದ ಪದರವನ್ನು ಕೆರೆದು, ತಗಡಿನ ದಪ್ಪವನ್ನು ಅಂಗುಲ ಅಂಗುಲವಾಗಿ ಅಳೆಯಬೇಕು. ಮಳೆನೀರು ನಿಂತ ತಳಭಾಗದಲ್ಲೇ ಸಾಮಾನ್ಯವಾಗಿ ನಿರಾಸೆ ಕಾದಿರುತ್ತದೆ.

ಆಮೇಲೆ ಫೈರ್‌ಬಾಕ್ಸ್. ಅದು ಎರಡು ಗೋಡೆಗಳ ಪೆಟ್ಟಿಗೆ. ಒಳಗಡೆ ಬೆಂಕಿ, ಎರಡು ಗೋಡೆಗಳ ನಡುವೆ ನೀರು. ಗೋಡೆಗಳು ಉಬ್ಬದಂತೆ ನೂರಾರು ಸ್ಟೇ ಬೋಲ್ಟ್‌ಗಳು ಹಿಡಿದಿರುತ್ತವೆ. ಸಣ್ಣ ಸುತ್ತಿಗೆ ಹಿಡಿದು ಒಂದೊಂದನ್ನೂ ತಟ್ಟಬೇಕು. ಗಟ್ಟಿಯಿದ್ದರೆ ‘ಟಣ್’ ಎನ್ನುತ್ತದೆ, ಮುರಿದಿದ್ದರೆ ‘ತಡ್’ ಎಂದು ಸತ್ತ ದನಿ. ಹೊಸಬನಾಗಿದ್ದಾಗ ಒಂದು ಸಾಲು ತಟ್ಟಿ ‘ಎಲ್ಲ ಸರಿ’ ಎಂದು ಸೀಮೆಸುಣ್ಣದ ಗುರುತು ಹಾಕಿ ಹೊರಬಂದಿದ್ದೆ. ನಮ್ಮ ಮಿಸ್ತ್ರಿ ಬೀಡಿ ಆರಿಸಿ ಒಳಗೆ ತೂರಿದರು, ನಾನು ಸರಿ ಎಂದದ್ದನ್ನೇ ಎರಡು ಸಲ ತಟ್ಟಿದರು, ಮಾತಿಲ್ಲದೆ ಗುರುತು ಅಳಿಸಿದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಇದೆಲ್ಲ ಮುಗಿದ ಮೇಲೆ ನೀರಿನ ಪರೀಕ್ಷೆ. ವೈಪಿಯ ಉಗಿ ಒತ್ತಡ ಚದರ ಇಂಚಿಗೆ 210 ಪೌಂಡ್. ಗಾಳಿಯ ಗುಳ್ಳೆ ಉಳಿಯದಂತೆ ನೀರು ತುಂಬಿ, ಸಾಮಾನ್ಯವಾಗಿ ಅದರ ಒಂದೂವರೆ ಪಟ್ಟಿನವರೆಗೆ ಪಂಪು ಹೊಡೆಯುತ್ತಾರೆ. ನೀರು ಕುಗ್ಗುವ ವಸ್ತುವಲ್ಲ. ಎಲ್ಲಾದರೂ ಸೀಳಿದರೆ ಚಿಮ್ಮುತ್ತದೆ, ಅಷ್ಟೆ. ಉಗಿ ತುಂಬಿ ಇದೇ ಪರೀಕ್ಷೆ ಮಾಡಿದರೆ ಶೆಡ್ಡೇ ಹಾರಿಹೋದೀತು. ಇಷ್ಟರಲ್ಲಿ ಗೆದ್ದ ಮೇಲೆಯೇ ಬೆಂಕಿ, ಅದೂ ಮೆತ್ತಗೆ. ತಣ್ಣಗಿದ್ದ ಬಾಯ್ಲರನ್ನು ಅವಸರದಲ್ಲಿ ಕಾಯಿಸಿದರೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೆ ಕೊಳವೆಯ ಬಾಯಿಗಳು ಸೋರತೊಡಗುತ್ತವೆ.

ಆದ್ದರಿಂದ, ಓಡಿಸಬಹುದು. ಬಾಯ್ಲರ್ ಒಪ್ಪಿದರೆ.

ಪ್ರಶ್ನೆ: ‘ಫೇರಿ ಕ್ವೀನ್’ ಉಗಿ ಎಂಜಿನ್ 1855ರದು ಎನ್ನುತ್ತಾರೆ. ಬಿಡಿಭಾಗ ಬದಲಿಸಿದ ಮೇಲೂ ಅದು ಹಳೆಯ ಎಂಜಿನ್ನೇ?
– ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಹೌದು ಎನ್ನುವವನು ನಾನು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾಗಿ ಈಸ್ಟ್ ಇಂಡಿಯನ್ ರೈಲ್ವೆಗೆ ಬಂದ ಇದು 1909ರಲ್ಲಿ ಕೆಲಸದಿಂದ ನಿವೃತ್ತವಾಯಿತು. ಚೆನ್ನೈನ ಪೆರಂಬೂರಿನ ಕಾರ್ಯಾಗಾರದಲ್ಲಿ ದುರಸ್ತಿಯಾಗಿ 1997ರಲ್ಲಿ ಮತ್ತೆ ಹಳಿಯ ಮೇಲೆ ಓಡಿತು. ಮರುವರ್ಷ, ನಿಯಮಿತವಾಗಿ ಓಡುತ್ತಿರುವ ಜಗತ್ತಿನ ಅತ್ಯಂತ ಹಳೆಯ ಉಗಿ ಎಂಜಿನ್ ಎಂದು ಗಿನ್ನೆಸ್ ದಾಖಲೆಯೂ ಬಂತು. ತೆಳ್ಳಗಾದ ತಗಡನ್ನು ‘ಅಸಲಿ’ ಎಂಬ ಮೋಹಕ್ಕೆ ಉಳಿಸಿಕೊಂಡು ಅದರ ಹಿಂದೆ ಪ್ರಯಾಣಿಕರನ್ನು ಕೂರಿಸುವುದು ಹುಚ್ಚುತನ. ನನ್ನ ಹಟ ಒಂದೇ: ತೆಗೆದ ತುಂಡನ್ನು ಗುಜರಿಗೆ ಹಾಕಬಾರದು, ಹಾಕಿದ ತುಂಡಿನ ಮೇಲೆ ವರ್ಷ ಅಚ್ಚೊತ್ತಬೇಕು. ಮುಂದೆ ರಿಪೇರಿ ಮಾಡುವವನು ನಮ್ಮನ್ನು ಶಪಿಸಬಾರದಲ್ಲ!

ಪ್ರಶ್ನೆ: ನಮ್ಮ ಊರಿನ ಹಳಿಯ ಮೇಲೆ ವೈಪಿ ಎಂಜಿನ್ ಓಡಿಸಬಾರದೇಕೆ?
– ಓದುಗರು, ಶಿವಮೊಗ್ಗ

ಉತ್ತರ: ಅದರ ಚಕ್ರಗಳಿಗೆ 1,000 ಮಿಲಿಮೀಟರ್ ಅಗಲದ ಹಳಿ ಬೇಕು, ನಿಮ್ಮಲ್ಲಿ ಈಗ ಇರುವುದು 1,676ರ ಬ್ರಾಡ್ ಗೇಜ್. ಮೀಟರ್ ಗೇಜಿನಲ್ಲಿ ಉಗಿ ಎಂಜಿನ್ ದುಡಿಯುವುದನ್ನು ನೋಡಬೇಕಿದ್ದರೆ ಊಟಿಗೆ ಹೋಗುವಾಗ ಮೇಟ್ಟುಪಾಳಯದಿಂದ ಕುನ್ನೂರಿನವರೆಗೆ ನೀಲಗಿರಿ ರೈಲು ಹತ್ತಿ. ಅಲ್ಲಿಗೆ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರ ಹೊಸ ಉಗಿ ಎಂಜಿನ್‌ಗಳನ್ನೇ ತಯಾರಿಸಿ ಕೊಟ್ಟಿದೆ. ಘಟ್ಟ ಏರುವಾಗ ಎಂಜಿನ್ ಹಿಂದಿನಿಂದ ತಳ್ಳುತ್ತದೆ, ಹಾಗಾಗಿ ಸೀಟು ಸಿಕ್ಕರೆ ಕಟ್ಟಕಡೆಯ ಬೋಗಿಯಲ್ಲಿ ಕುಳಿತುಕೊಳ್ಳಿ. ಬಿಳಿ ಅಂಗಿ ಬೇಡ.