165 ಹರ್ಟ್ಜ್ ಮಾನಿಟರ್ 60ರಲ್ಲೇ ನಿಂತಿದೆಯಾ? ಕೇಬಲ್ ಕೊಳ್ಳುವ ಮೊದಲು ಇದನ್ನು ನೋಡಿ

ನಮಸ್ಕಾರ. ನಿಮ್ಮ ಪ್ರಶ್ನೆ, ಜೊತೆಗೆ ಹಾಕಿದ ಫೋಟೋ ಎರಡೂ ನೋಡಿದೆ. ಗೇಮಿಂಗ್ ಲ್ಯಾಪ್‌ಟಾಪ್‌ಗೆ 27 ಇಂಚಿನ 1440ಪಿ (2560×1440 ಪಿಕ್ಸೆಲ್), 165 ಹರ್ಟ್ಜ್ ಮಾನಿಟರ್ ತಂದಿದ್ದೀರಿ. ವಿಂಡೋಸ್‌ನಲ್ಲಿ 60ರ ಮೇಲೆ ಏನೂ ಕಾಣುತ್ತಿಲ್ಲ. ಗೇಮ್‌ನಲ್ಲಿ ಎಫ್‌ಪಿಎಸ್ 110 ಅಂತ ಬರುತ್ತದೆ, ಆದರೂ ಕಣ್ಣಿಗೆ ನಯ ಅನಿಸುತ್ತಿಲ್ಲ. ಎರಡು ಎಚ್‌ಡಿಎಂಐ ಕೇಬಲ್ ಬದಲಾಯಿಸಿ ಆಯ್ತು, ಈಗ ಮಾನಿಟರ್ ವಾಪಸ್ ಕಳಿಸಬೇಕು ಅಂತಿದ್ದೀರಿ. ದಯವಿಟ್ಟು ಇವತ್ತೊಂದು ಸಂಜೆ ತಡೆಯಿರಿ. ಮಾನಿಟರ್ ಚೆನ್ನಾಗಿಯೇ ಇರಬೇಕು ಅಂತ ನನಗನಿಸುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಎಫ್‌ಪಿಎಸ್ ಅಂದರೆ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ತಯಾರಿಸುವ ಚಿತ್ರಗಳು. ಹರ್ಟ್ಜ್ ಅಂದರೆ ಮಾನಿಟರ್ ಒಂದು ಸೆಕೆಂಡಿಗೆ ಎಷ್ಟು ಸಲ ಪರದೆ ಬದಲಾಯಿಸುತ್ತದೆ ಅನ್ನೋದು. 60 ಹರ್ಟ್ಜ್‌ನಲ್ಲಿ 16.7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ಬರುತ್ತದೆ. 165ರಲ್ಲಿ ಸುಮಾರು 6 ಮಿಲಿಸೆಕೆಂಡಿಗೊಮ್ಮೆ. ನಿಮ್ಮ ಕಾರ್ಡ್ 110 ಚಿತ್ರ ಕೊಟ್ಟರೂ ಪರದೆ 60 ಸಲವೇ ಬದಲಾದರೆ ಮಿಕ್ಕಿದ್ದು ನಿಮ್ಮ ಕಣ್ಣಿಗೆ ತಲುಪುವುದೇ ಇಲ್ಲ.

ಈಗ ಕೇಬಲ್ ವಿಚಾರ. ಇಲ್ಲೇ ಎಲ್ಲರೂ ದುಡ್ಡು ಕಳೆದುಕೊಳ್ಳೋದು. ಎಚ್‌ಡಿಎಂಐ 2.0 ವರೆಗಿನ ಸಂಪರ್ಕದಲ್ಲಿ ಸಾಮಾನ್ಯ ಕೇಬಲ್ ತನ್ನ ತಾಕತ್ತು ಎಷ್ಟು ಅಂತ ಯಾರಿಗೂ ಹೇಳುವುದಿಲ್ಲ. ಮಾನಿಟರ್ ತನಗೇನು ಬರುತ್ತದೆ ಅನ್ನುವ ಪಟ್ಟಿ ಕಳಿಸುತ್ತದೆ. ಕಳಿಸುವ ಪೋರ್ಟ್ ತನ್ನ ಕೈಲಾಗುವಷ್ಟನ್ನು ಮಾತ್ರ ಅದರಲ್ಲಿ ಇಟ್ಟುಕೊಳ್ಳುತ್ತದೆ. ವಿಂಡೋಸ್ ನಿಮಗೆ ತೋರಿಸುವುದು ಅದನ್ನೇ. ಹಾಗಾಗಿ 144, 165 ಪಟ್ಟಿಯಲ್ಲೇ ಇಲ್ಲ ಅಂದರೆ ಕೇಬಲ್ ಮೇಲೆ ಅನುಮಾನ ಬೇಡ. ಪೋರ್ಟ್, ಹಬ್ (ಒಂದು ತೂತಿಗೆ ಹಾಕಿ ಹಲವು ತೂತು ಪಡೆಯುವ ಪುಟ್ಟ ಪೆಟ್ಟಿಗೆ) ಅಥವಾ ಸೆಟ್ಟಿಂಗ್ ನೋಡಿ. 144 ಪಟ್ಟಿಯಲ್ಲಿದೆ, ಆದರೆ ಆರಿಸಿದ ತಕ್ಷಣ ಪರದೆ ಕಪ್ಪಾಗುತ್ತದೆ, ಚುಕ್ಕೆ ಮಿನುಗುತ್ತದೆ, ಆಗಾಗ ಎರಡು ಸೆಕೆಂಡ್ ಹೋಗಿ ಬರುತ್ತದೆ ಅಂದರೆ ಆಗ ಕೇಬಲ್ ಹಿಡಿಯಿರಿ. ಡಿಸ್‌ಪ್ಲೇ‌ಪೋರ್ಟ್ ಅಂದರೆ ಮಾನಿಟರ್ ಜೋಡಿಸುವ ಇನ್ನೊಂದು ಬಗೆಯ ಸಂಪರ್ಕ, ಅದು ಹಾಗಲ್ಲ. ಅದು ಶುರುವಾಗುವಾಗಲೇ ಕೇಬಲ್ ಪರೀಕ್ಷೆ ಮಾಡಿಕೊಳ್ಳುತ್ತದೆ, ಸರಿಬರದಿದ್ದರೆ ವೇಗ ಇಳಿಸುತ್ತದೆ. ಅಲ್ಲಿ ಕೆಟ್ಟ ಕೇಬಲ್‌ನಿಂದಲೂ ಪಟ್ಟಿ ಚಿಕ್ಕದಾಗಬಹುದು. ನನಗೆ ಆಟದ ಮಧ್ಯೆ ಪರದೆ ಹೋಗಿ ಬರುತ್ತಿತ್ತು. ಡ್ರೈವರ್ ಮೇಲೆ ಡ್ರೈವರ್ ಹಾಕಿ ಎರಡು ವಾರ ಒದ್ದಾಡಿದೆ. ಕೊನೆಗೆ 3 ಮೀಟರ್ ಕೇಬಲ್ ತೆಗೆದು, ಮಾನಿಟರ್ ಪೆಟ್ಟಿಗೆಯಲ್ಲೇ ಬಂದಿದ್ದ ಗಿಡ್ಡ ಕೇಬಲ್ ಹಾಕಿದೆ. ಅವತ್ತಿನಿಂದ ಒಂದು ಸಲವೂ ಹೋಗಿಲ್ಲ.

ನಿಮ್ಮ ಫೋಟೋದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಮೇಜಿನ ಮೂಲೆಯ ಟೈಪ್-ಸಿ ಹಬ್. ಎಚ್‌ಡಿಎಂಐ ಅದರಿಂದ ಹೋಗಿದೆ, ಅಲ್ವಾ? ಅದರ ಪೆಟ್ಟಿಗೆ ಮೇಲೆ ‘4ಕೆ 30 ಹರ್ಟ್ಜ್’ ಅಂತ ಇದೆಯಾ ನೋಡಿ. ಲೆಕ್ಕ ಸುಲಭ. 4ಕೆ 30 ಅಂದರೆ ಸೆಕೆಂಡಿಗೆ ಸುಮಾರು 25 ಕೋಟಿ ಪಿಕ್ಸೆಲ್. 1440ಪಿ 60ಕ್ಕೆ 22 ಕೋಟಿ ಬೇಕು, ಸರಿಹೋಗುತ್ತದೆ. 1440ಪಿ 165ಕ್ಕೆ 61 ಕೋಟಿ ಬೇಕು. ಆ ಹಬ್ಬಿನಲ್ಲಿ ಅಷ್ಟು ಹೋಗುವುದೇ ಇಲ್ಲ. ಖಾತ್ರಿ ಮಾಡಿಕೊಳ್ಳಲು ರೆಸಲ್ಯೂಶನ್ 1080ಪಿಗೆ ಇಳಿಸಿ ನೋಡಿ. ಆಗ ಇದ್ದಕ್ಕಿದ್ದಂತೆ 120 ಕಾಣಿಸಿದರೆ ಕಳ್ಳ ಸಿಕ್ಕ ಹಾಗೆ. 1080ಪಿ 120 ಕೂಡ ಅದೇ 25 ಕೋಟಿ.

ಹಬ್ ಬಿಟ್ಟು ನೇರವಾಗಿ ಲ್ಯಾಪ್‌ಟಾಪ್ ಎಚ್‌ಡಿಎಂಐಗೆ ಹಾಕಿ. ಅದು 2.0 ಆಗಿದ್ದರೆ 1440ಪಿಯಲ್ಲಿ 144 ಸಿಗುತ್ತದೆ, 165 ಸಾಮಾನ್ಯವಾಗಿ ಸಿಗುವುದಿಲ್ಲ. ಪೂರ್ತಿ 165 ಬೇಕೆಂದರೆ ಡಿಸ್‌ಪ್ಲೇ‌ಪೋರ್ಟ್ ದಾರಿಯೇ ಒಳ್ಳೆಯದು. ಟೈಪ್-ಸಿ ತೂತಿನ ಪಕ್ಕ ಡಿ ಅಕ್ಷರದೊಳಗೆ ಪಿ ಬರೆದ ಹಾಗೆ ಪುಟ್ಟ ಗುರುತಿದ್ದರೆ ಅದರಿಂದ ಚಿತ್ರ ಬರುತ್ತದೆ. ಟೈಪ್-ಸಿಯಿಂದ ಡಿಸ್‌ಪ್ಲೇ‌ಪೋರ್ಟ್‌ಗೆ ನೇರ ಕೇಬಲ್ ಸಿಗುತ್ತದೆ, ಬೇಕಾದರೆ ಆಮೇಲೆ ಅದನ್ನು ತರಬಹುದು. ಒಂದು ಎಚ್ಚರಿಕೆ. ಲ್ಯಾಪ್‌ಟಾಪ್ ಎಚ್‌ಡಿಎಂಐಯಿಂದ ಮಾನಿಟರ್ ಡಿಸ್‌ಪ್ಲೇ‌ಪೋರ್ಟ್‌ಗೆ ಸಾದಾ ಕನ್ವರ್ಟರ್ ಕೇಬಲ್ ಕೆಲಸ ಮಾಡಲ್ಲ. ಅಗ್ಗದ ಡಿಪಿ-ಎಚ್‌ಡಿಎಂಐ ಕೇಬಲ್‌ಗಳು ಒಂದೇ ದಿಕ್ಕಿನವು, ಡಿಸ್‌ಪ್ಲೇ‌ಪೋರ್ಟ್ ಕಡೆಯಿಂದ ಎಚ್‌ಡಿಎಂಐ ಕಡೆಗೆ ಮಾತ್ರ.

ಇನ್ನೊಂದು ಮಾತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಪೋರ್ಟ್ ಎನ್‌ವಿಡಿಯಾ ಚಿಪ್‌ಗೆ ಸೇರಿರುತ್ತದೆ, ಇನ್ನೊಂದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ. ಎರಡನೆಯದಕ್ಕೆ ಹಾಕಿದರೆ ಎನ್‌ವಿಡಿಯಾ ತಯಾರಿಸಿದ ಪ್ರತಿ ಚಿತ್ರವನ್ನೂ ಅಲ್ಲಿಗೆ ನಕಲು ಮಾಡಿ ಕಳಿಸಬೇಕು, ಎಫ್‌ಪಿಎಸ್ ಸ್ವಲ್ಪ ಬೀಳುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಕಾನ್ಫಿಗರ್ ಸರೌಂಡ್, ಫಿಸ್‌ಎಕ್ಸ್’ ತೆರೆಯಿರಿ. ಯಾವ ಪರದೆ ಯಾವ ಚಿಪ್‌ಗೆ ಸೇರಿದೆ ಅಂತ ಅಲ್ಲಿ ಚಿತ್ರದಲ್ಲೇ ಕಾಣುತ್ತದೆ. ನನ್ನ ಸಲಹೆ, ಗೇಮ್‌ಗೆ ಎನ್‌ವಿಡಿಯಾ ಕಡೆಯ ಪೋರ್ಟನ್ನೇ ಮೀಸಲಿಡಿ.

ತಂತಿ ಸರಿಹೋದ ಮೇಲೂ 165 ತಾನಾಗಿ ಬರಲ್ಲ. ಹೊಸ ಮಾನಿಟರ್ ಹಾಕಿದಾಗ ವಿಂಡೋಸ್ ಎಷ್ಟೋ ಸಲ 60ರಲ್ಲೇ ಬಿಟ್ಟಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ. ಮೇಲೆ ಹೊರಗಿನ ಮಾನಿಟರ್ ಆಯ್ಕೆಯಾಗಿದೆಯಾ ನೋಡಿ, ಆಮೇಲೆ ರೇಟ್ ಬದಲಾಯಿಸಿ. ಎನ್‌ವಿಡಿಯಾ ಪ್ಯಾನೆಲ್‌ನಲ್ಲಿ ರೆಸಲ್ಯೂಶನ್ ಎರಡು ಗುಂಪಾಗಿ ಇರುತ್ತದೆ. ಮೇಲಿನದು ‘ಅಲ್ಟ್ರಾ ಎಚ್‌ಡಿ, ಎಚ್‌ಡಿ, ಎಸ್‌ಡಿ’, ಕೆಳಗೆ ‘ಪಿಸಿ’. ಮೇಲಿನದು ಟಿವಿ ಲೆಕ್ಕದ ಪಟ್ಟಿ, ಅಲ್ಲಿ ಬಹಳ ಸಲ 60ಕ್ಕೇ ನಿಲ್ಲುತ್ತದೆ. ಕೆಳಗೆ ಸ್ಕ್ರೋಲ್ ಮಾಡಿ ‘ಪಿಸಿ’ ಗುಂಪಿನಿಂದ ಆರಿಸಿ. ವಿಂಡೋಸ್ ಕೀ ಮತ್ತು ಪಿ ಒತ್ತಿ ‘ಡೂಪ್ಲಿಕೇಟ್’ ಇದ್ದರೆ ತೆಗೆದುಬಿಡಿ. ಅದರಲ್ಲಿ ಎರಡೂ ಪರದೆ ಒಂದೇ ತಾಳಕ್ಕೆ ಬರಬೇಕಾಗುತ್ತದೆ. ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಒಳ್ಳೆಯದು.

ಮಾನಿಟರ್ ಹಿಂದೆ ಪುಟ್ಟ ಜಾಯ್‌ಸ್ಟಿಕ್ ಬಟನ್ ಇರುತ್ತದಲ್ಲ, ಒತ್ತಿ ‘ಇನ್ಫರ್ಮೇಶನ್’ ಪುಟಕ್ಕೆ ಹೋಗಿ. ವಿಂಡೋಸ್ ಏನೇ ಹೇಳಲಿ, ಮಾನಿಟರ್‌ಗೆ ನಿಜವಾಗಿ ಎಷ್ಟು ಬರುತ್ತಿದೆ ಅಂತ ಅಲ್ಲಿ ತಿಳಿಯುತ್ತದೆ. ಅದೇ ಮೆನುವಿನಲ್ಲಿ ಎಚ್‌ಡಿಎಂಐ ಅಥವಾ ಡಿಪಿ ವರ್ಷನ್ ಕೆಳಗಿಳಿಸಿಟ್ಟಿದ್ದರೆ ಮೇಲಕ್ಕೆ ಏರಿಸಿ. ಗೇಮ್ ಶುರು ಮಾಡಿ ಇನ್ನೊಮ್ಮೆ ಅದೇ ಪುಟ ನೋಡಿ. ಆಗ ಮತ್ತೆ 60 ಆಯ್ತಾ? ಹಾಗಾದರೆ ಗೇಮ್ ಒಳಗೇ ಫುಲ್‌ಸ್ಕ್ರೀನ್‌ಗೆ ಬೇರೆ ರಿಫ್ರೆಶ್ ರೇಟ್ ಇದೆ, ಅಲ್ಲಿ ಬದಲಾಯಿಸಿ. ಆಡುವಾಗ ಚಾರ್ಜರ್ ಹಾಕಿಯೇ ಇರಲಿ. ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್ ಫ್ರೇಮ್ ತಾನೇ ತಡೆಹಿಡಿಯಬಹುದು.

ಫ್ರೀಸಿಂಕ್ (ಎಫ್‌ಪಿಎಸ್‌ಗೆ ತಕ್ಕಂತೆ ಪರದೆಯ ಹರ್ಟ್ಜ್ ಹೊಂದಿಸುವ ಸೌಲಭ್ಯ) ಈಗಲೇ ಹಚ್ಚಬೇಡಿ. ಮೊದಲು ಸ್ಥಿರವಾಗಿ 144 ಬರಲಿ. ಆಮೇಲೆ ಹಚ್ಚಿ, ಕತ್ತಲೆ ದೃಶ್ಯದಲ್ಲಿ ಪರದೆ ಮಿನುಗಿದರೆ ಎಫ್‌ಪಿಎಸ್ ಆ ಮಾನಿಟರ್‌ನ ಫ್ರೀಸಿಂಕ್ ಮಿತಿಗಿಂತ ಕೆಳಗೆ ಬೀಳುತ್ತಿರಬಹುದು. ಬಹಳ ಮಾನಿಟರ್‌ಗಳಲ್ಲಿ ಆ ಮಿತಿ 48 ಹರ್ಟ್ಜ್. ಗ್ರಾಫಿಕ್ಸ್ ಒಂದು ಮೆಟ್ಟಿಲು ಇಳಿಸಿ ನೋಡಿ.

ಇವತ್ತು ಹಬ್ ತೆಗೆದು ನೇರವಾಗಿ ಹಾಕಿ, ಇನ್ಫರ್ಮೇಶನ್ ಪುಟದ ಫೋಟೋ ಇಲ್ಲೇ ಹಾಕಿ. ಲ್ಯಾಪ್‌ಟಾಪ್‌ನ ಎರಡೂ ಬದಿಯ ಪೋರ್ಟ್‌ಗಳು ಕಾಣುವ ಹಾಗೆ ಇನ್ನೊಂದು ಫೋಟೋ ತೆಗೆಯಿರಿ. ರಾತ್ರಿ ಊಟ ಆದ ಮೇಲೆ ನೋಡಿ ಯಾವ ಕೇಬಲ್ ತರಬೇಕು ಅಂತ ಹೇಳುತ್ತೇನೆ. ಅಲ್ಲಿವರೆಗೆ ಹೊಸದೇನೂ ಕೊಳ್ಳಬೇಡಿ.